ಸರ್ಕಾರಿ ವಕೀಲರೇ ಕೇಸ್ ಕೈಬಿಟ್ಟರೆ ಯಾರ ಹತ್ತಿರ ಹೋಗೋದು? (ಯಾದಗಿರಿ)

ತೊಗರಿಹೊಲ:

ಎಲ್ಲರಿಗೂ ನಮಸ್ಕಾರ. ಇಲ್ಲಿ ವಕೀಲರೂ ಇದ್ದೀರಿ, ಕೋರ್ಟು ಕಚೇರಿ ಅಲೆದವರೂ ಇದ್ದೀರಿ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ. ಊರಿನ ಹೆಸರು, ಯಾವ ಕೋರ್ಟು ಅಂತ ಹಾಕುವುದಿಲ್ಲ, ಕೇಸ್ ಇನ್ನೂ ನಡೀತಿದೆ. ಯಾದಗಿರಿ ಜಿಲ್ಲೆಯ ಒಂದು ತಾಲೂಕು ಕೋರ್ಟು ಅಂದ್ಕೊಳ್ಳಿ.

2021ರಲ್ಲಿ ಹೊಲದ ಬದುವಿನ ಜಗಳದಲ್ಲಿ ನಮ್ಮ ಕಾಕಾನ ಮಗನಿಗೆ ಕೊಡಲಿಯಿಂದ ಹೊಡೆದರು. ಬಲಗೈ ಮೂಳೆ ಮುರೀತು, ಈಗಲೂ ಆ ಕೈಯಲ್ಲಿ ಭಾರ ಎತ್ತೋಕೆ ಆಗಲ್ಲ. ಪೊಲೀಸರು ಐಪಿಸಿ 326 (ಅಪಾಯಕಾರಿ ಆಯುಧದಿಂದ ತೀವ್ರ ಗಾಯ) ಹಾಕಿ ಚಾರ್ಜ್‌ಶೀಟ್ ಸಲ್ಲಿಸಿದರು. ಅವರ ಬಗ್ಗೆ ನಮಗೇನೂ ತಕರಾರಿಲ್ಲ. ತಕರಾರು ಇರೋದು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ಪರ ಕೇಸ್ ನಡೆಸೋ ವಕೀಲರು) ಸಾಹೇಬರ ಮೇಲೆ.

ಕಣ್ಣಾರೆ ನೋಡಿದವರು ಇಬ್ಬರು. ಒಬ್ಬ ಪುಣೆಗೆ ಗುಳೆ ಹೋಗಿದ್ದಾನೆ, ಕಟ್ಟಡ ಕೆಲಸ. ಅವನಿಗೆ ಸಮನ್ಸ್ ಹೋಯಿತು, 'ಊರಲ್ಲಿಲ್ಲ' ಅಂತ ವಾಪಸ್ ಬಂತು, ಮತ್ತೆ ಹೋಯಿತು, ಮತ್ತೆ ವಾಪಸ್ ಬಂತು. ಆಮೇಲೆ ಎಪಿಪಿಯವರೇ ಎದ್ದು ನಿಂತು ಆ ಸಾಕ್ಷಿ ಬೇಡ, ಕೈಬಿಡ್ತೇವೆ ಅಂದುಬಿಟ್ಟರು. ಅವನ ಫೋನ್ ನಂಬರ್ ನಮ್ಮ ಹತ್ತಿರ ಇತ್ತು, ಒಂದು ಮಾತು ಕೇಳಿದ್ದರೆ ನಾವೇ ಕರ್ಕೊಂಡು ಬರ್ತಿದ್ದೆವು. ಎರಡನೆಯವನು ಕಟಕಟೆಗೆ ಬಂದ. 'ನಾನು ದೂರ ಇದ್ದೆ, ಬರೀ ಗದ್ದಲ ಕೇಳಿಸಿತು' ಅಂದ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಯಾರು ಹೊಡೆದರು, ಎಲ್ಲಿ ಹೊಡೆದರು ಎಲ್ಲಾ ಹೇಳಿದ್ದ. ಸಾಹೇಬರು ಅವನನ್ನು ಪ್ರತಿಕೂಲ ಸಾಕ್ಷಿ ಅಂತ ಮಾಡಿಸಿದರು, ಪಾಟಿ ಸವಾಲಲ್ಲಿ 'ನೀನು ಆರೋಪಿ ಜೊತೆ ರಾಜಿಯಾಗಿ ಸುಳ್ಳು ಹೇಳ್ತಿದ್ದೀಯಾ' ಅಂತ ಒಂದು ಪ್ರಶ್ನೆ ಕೇಳಿದರು, 'ಸರಿಯಲ್ಲ' ಅಂದ, ಅಷ್ಟೇ, ಕೂತುಬಿಟ್ಟರು. ಗಾಯದ ಸರ್ಟಿಫಿಕೇಟ್ ಬರೆದ ಡಾಕ್ಟರಿಗೆ ಬೀದರ್ ಕಡೆ ವರ್ಗ ಆಗಿದೆ, ಅವರನ್ನ ಕರೆಸಲೇ ಇಲ್ಲ. ಈಗ ಆರೋಪಿಯ 313 ಹೇಳಿಕೆ (ಸಾಕ್ಷ್ಯದ ಬಗ್ಗೆ ಕೋರ್ಟು ಆರೋಪಿಯನ್ನೇ ಕೇಳೋದು) ಮುಗಿದು ವಾದಕ್ಕೆ ಇಟ್ಟಿದ್ದಾರೆ.

ವರಾಂಡದಲ್ಲಿ ಹೋಗಿ ಕೇಳಿದ್ದಕ್ಕೆ 'ನೀವು ಬರೀ ಸಾಕ್ಷಿ, ಕೇಸ್ ಸರ್ಕಾರದ್ದು' ಅಂದರು. ಊರಲ್ಲಿ ಜನ ಏನೇನೋ ಮಾತಾಡ್ತಾರೆ, ದುಡ್ಡಿನ ಮಾತೂ ಇದೆ. ನನ್ನ ಹತ್ತಿರ ಸಾಕ್ಷಿ ಇಲ್ಲ, ಅದಕ್ಕೆ ಆ ಮಾತು ನಾನು ಆಡಲ್ಲ.

ಪಿಎಸ್‌ಐ ಸರಿಯಿಲ್ಲ ಅಂದರೆ ಎಸ್‌ಪಿ ಹತ್ತಿರ ಹೋಗಬಹುದು. ಜಡ್ಜ್ ಸರಿಯಿಲ್ಲ ಅಂದರೆ ಹೈಕೋರ್ಟ್ ಇದೆ. ಸರ್ಕಾರಿ ವಕೀಲರ ಮೇಲೆ ಯಾರಿದ್ದಾರೆ? ಈ ಕೇಸಲ್ಲಿ ಈಗಲೂ ಏನಾದರೂ ಮಾಡಬಹುದಾ?

ಕರಿಕೋಟು_ಕಲಬುರಗಿ:

ಅಣ್ಣಾ, ಕೇಸ್ ಇನ್ನೂ ಸತ್ತಿಲ್ಲ. ಮೊದಲು ಅದನ್ನ ನೋಡೋಣ, ಆಮೇಲೆ ದೂರಿನ ವಿಚಾರ.

ತೀರ್ಪು ಹೇಳುವ ತನಕ ಯಾವ ಸಾಕ್ಷಿಯನ್ನಾದರೂ ಕರೆಸುವ ಅಧಿಕಾರ ನ್ಯಾಯಾಧೀಶರಿಗೆ ಇದೆ, ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 311. ನಿಮ್ಮ ವಿಚಾರಣೆ 2024ರ ಜುಲೈ 1ಕ್ಕಿಂತ ಮೊದಲೇ ಶುರುವಾಗಿದ್ದರೆ ಹಳೆಯ ಸಿಆರ್‌ಪಿಸಿನೇ ನಡೆಯುತ್ತದೆ. ಅದರ ಬದಲು ಬಂದ ಹೊಸ ಬಿಎನ್‌ಎಸ್‌ಎಸ್‌ನಲ್ಲಿ ಅದೇ ವಿಷಯ 348ರಲ್ಲಿದೆ. ಪುಣೆಯವನ ಈಗಿನ ವಿಳಾಸ, ಫೋನ್ ನಂಬರ್ ಎರಡನ್ನೂ ಬರೆದು, ಅವನು ಬರೋಕೆ ತಯಾರಿದ್ದಾನೆ ಅಂತ ಎಪಿಪಿಯವರಿಗೇ ಲಿಖಿತವಾಗಿ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ. ಅವರು 311 ಅರ್ಜಿ ಹಾಕದಿದ್ದರೆ ಅದೇ ಪತ್ರವನ್ನ ನಿಮ್ಮ ವಕೀಲರ ಮೂಲಕ ಕೋರ್ಟಿನ ಗಮನಕ್ಕೆ ತನ್ನಿ. 311ರಲ್ಲಿ ಕೋರ್ಟು ತಾನಾಗಿಯೂ ಸಾಕ್ಷಿ ಕರೆಸಬಹುದು. ಪುಣೆಯಿಂದ ಬರೋಕೇ ಆಗಲ್ಲ ಅಂದರೆ ವಿಡಿಯೊ ಕಾನ್ಫರೆನ್ಸ್‌ಗೂ ಕೇಳಬಹುದು, ನಮ್ಮ ರಾಜ್ಯದಲ್ಲಿ ಅದಕ್ಕೆ 2020ರಿಂದ ನಿಯಮಗಳೇ ಇವೆ.

ಡಾಕ್ಟರ್ ವಿಷಯದಲ್ಲಿ ಒಂದು ನಿಮಿಷ ನಿಲ್ಲಿ. ಆರೋಪಿ ಕಡೆಯ ವಕೀಲರು ಆ ಗಾಯದ ಸರ್ಟಿಫಿಕೇಟನ್ನು 294ರಡಿ ಒಪ್ಪಿಕೊಂಡಿದ್ದರೆ ಡಾಕ್ಟರು ಬರುವ ಅಗತ್ಯವೇ ಇರಲ್ಲ, ಆಗ ಎಪಿಪಿ ಮಾಡಿದ್ದು ಸರಿ. ಒಪ್ಪದೇ ಇದ್ದು, ಡಾಕ್ಟರನ್ನೂ ಕರೆಸದಿದ್ದರೆ ಆ ಸರ್ಟಿಫಿಕೇಟ್ ಬರೀ ಕಾಗದ. 326ರ ಕೇಸಲ್ಲಿ ಮೂಳೆ ಮುರಿದದ್ದೇ ಸಾಬೀತಾಗಲಿಲ್ಲ ಅಂದರೆ ಮತ್ತೇನು ಉಳೀತು? ಇದು ನಿಮಗೆ ಗೊತ್ತಾಗಬೇಕಂದರೆ ಆರ್ಡರ್ ಶೀಟ್ ಬೇಕು.

ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಪೂರ್ತಿ ಆರ್ಡರ್ ಶೀಟಿನ ದೃಢೀಕೃತ ನಕಲು ತಗೊಳ್ಳಿ, ಸಾಕ್ಷಿ ಹೇಳಿಕೆಗಳದ್ದೂ ತಗೊಳ್ಳಿ. ಇ-ಕೋರ್ಟ್ಸ್ ಆ್ಯಪಲ್ಲಿ ತಾರೀಖು ಕಾಣುತ್ತದೆ, ಅಂದು ಏನಾಯಿತು ಅಂತ ಪೂರ್ತಿ ಕಾಣಲ್ಲ. ಆರ್ಡರ್ ಶೀಟಲ್ಲಿ 'ಸಾಕ್ಷಿ ಗೈರು, ಸಮನ್ಸ್ ಮರು ಹೊರಡಿಸಿ', 'ಎಪಿಪಿ ಕೋರಿಕೆಯಂತೆ ಮುಂದೂಡಿದೆ', 'ಎಪಿಪಿ ಗೈರು' ಅಂತೆಲ್ಲ ಒಂದೊಂದೇ ಸಾಲು ಇರುತ್ತದೆ. ಸೋಮಾರಿತನ ಇದ್ದರೂ, ಕೆಲಸದ ಒತ್ತಡ ಇದ್ದರೂ, ಬೇರೆ ಏನಾದರೂ ಇದ್ದರೂ ಆ ಸಾಲುಗಳಲ್ಲೇ ಗೊತ್ತಾಗುತ್ತದೆ. ವಾರಂಟ್ ಕೇಳಿದರಾ, ತನಿಖಾಧಿಕಾರಿಗೆ ಮೆಮೊ ಕೊಟ್ಟರಾ, ಒಂದನ್ನೂ ಕೇಳದೆ ಸೀದಾ ಸಾಕ್ಷಿ ಕೈಬಿಟ್ಟರಾ ನೋಡಿ.

'ನೀವು ಬರೀ ಸಾಕ್ಷಿ' ಅನ್ನೋದು ಅರ್ಧ ನಿಜ. ಕೇಸ್ ಸರ್ಕಾರದ್ದೇ. ಆದರೆ ಸಿಆರ್‌ಪಿಸಿ 24(8)ರಲ್ಲಿ, 2008ರ ತಿದ್ದುಪಡಿಯಿಂದ, ಅಭಿಯೋಜನೆಗೆ (ಸರ್ಕಾರದ ಪರ ಕೇಸ್ ನಡೆಸೋದಕ್ಕೆ) ನೆರವಾಗಲು ಸಂತ್ರಸ್ತರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳೋಕೆ ಕೋರ್ಟು ಅನುಮತಿ ಕೊಡಬಹುದು. ಆ ವಕೀಲರು ತಾವೇ ಕೇಸ್ ನಡೆಸುವಂತಿಲ್ಲ, 1999ರಲ್ಲಿ ಶಿವಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಆದರೆ ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಸಲ್ಲಿಸಬಹುದು, 301(2). ನೀವೀಗ ಸರಿಯಾಗಿ ಆ ಹಂತದಲ್ಲೇ ಇದ್ದೀರಿ. ಮುಂದಿನ ತಾರೀಖಿಗೆ ಮೊದಲೇ ಒಬ್ಬರು ಕ್ರಿಮಿನಲ್ ವಕೀಲರನ್ನ ಹಿಡಿಯಿರಿ.

ಇಷ್ಟಾದರೂ ಖುಲಾಸೆ ಆದರೆ, ಸರ್ಕಾರ ಅಪೀಲು ಹಾಕಲಿ ಬಿಡಲಿ, ನೀವು ಹಾಕಬಹುದು. ಸಿಆರ್‌ಪಿಸಿ 372ರ ಪರಂತುಕ (ಕಲಮಿಗೆ ಸೇರಿಸಿದ ಷರತ್ತು). 2018ರಲ್ಲಿ ಮಲ್ಲಿಕಾರ್ಜುನ ಕೊಡಗಲಿ ಕೇಸಲ್ಲಿ, ನಮ್ಮ ಕರ್ನಾಟಕದ್ದೇ ಕೇಸು, ಸಂತ್ರಸ್ತರು ಮೇಲ್ಮನವಿಗೆ ಮೊದಲು ವಿಶೇಷ ಅನುಮತಿ ಬೇಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮ್ಯಾಜಿಸ್ಟ್ರೇಟ್ ಕೋರ್ಟಿನ ಖುಲಾಸೆಯಾದರೆ ನಿಮ್ಮ ಅಪೀಲು ಸೆಷನ್ಸ್ ಕೋರ್ಟಿಗೆ. ಶಿಕ್ಷೆ ಕಮ್ಮಿ ಆಯ್ತು ಅಂತ ಮಾತ್ರ ಸಂತ್ರಸ್ತರು ಅಪೀಲು ಹೋಗುವಂತಿಲ್ಲ, ಅದು ನೆನಪಿರಲಿ.

ಎಪಿಪಿ ಮೇಲೆ ಯಾರು ಅನ್ನೋದಕ್ಕೆ ಉತ್ತರ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ, ಅದರ ನಿರ್ದೇಶಕರು ಬೆಂಗಳೂರಲ್ಲಿ. ಅಲ್ಲಿಗೆ ದೂರು ಕೊಡಬಹುದು. ಏನಾಗುತ್ತೆ ಅಂತ ಕೇಳಿದರೆ, ಹೆಚ್ಚಾಗಿ ವಿವರಣೆ ಕೇಳಿ ಪತ್ರ ಹೋಗುತ್ತೆ, ವಿವರಣೆ ಬರುತ್ತೆ, ಫೈಲ್ ಮುಚ್ಚುತ್ತೆ. ನಾನು ನೋಡಿದ್ದು ಹೀಗೇ.

ಮಾಜಿ_ಅಭಿಯೋಜಕ:

ಕರಿಕೋಟು ಅವರು ಹೇಳಿದ ಕಾನೂನು ಸರಿಯಾಗಿದೆ. ನಾನು ಈ ಭಾಗದಲ್ಲೇ ಎಪಿಪಿ ಆಗಿ ಕೆಲಸ ಮಾಡಿ ನಿವೃತ್ತನಾದವನು, ಆ ಕಡೆಯ ಮಾತನ್ನೂ ಕೇಳಿ. ಬೈಯೋರು ಬೈಯಿರಿ, ಪರವಾಗಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟು ಕೂತರೆ ಹತ್ತೂಮುಕ್ಕಾಲಿಗೆ ಕೋರ್ಟ್ ಪಿಸಿ (ಕೋರ್ಟ್ ಕೆಲಸದ ಪೊಲೀಸ್ ಪೇದೆ) ಬಂದು ಕಡತ ಟೇಬಲ್ ಮೇಲೆ ಇಡ್ತಾನೆ. ಸಾಕ್ಷಿ ಯಾರು ಅಂತ ಅವಾಗಲೇ ನೋಡಬೇಕು. ಒಬ್ಬ ಎಪಿಪಿಗೆ ಎರಡು ಕೋರ್ಟಿನ ಚಾರ್ಜ್ ಇರೋದು ನಮ್ಮ ಕಡೆ ಹೊಸದಲ್ಲ, ಖಾಲಿ ಹುದ್ದೆ ತುಂಬೋದೇ ಇಲ್ಲ. ಒಂದು ಕೋರ್ಟಲ್ಲಿ ಮುಖ್ಯ ವಿಚಾರಣೆ ಮಾಡ್ತಿದ್ದರೆ ಇನ್ನೊಂದರಲ್ಲಿ ಜಾಮೀನು ಅರ್ಜಿಗೆ ಕೂಗ್ತಾರೆ. 'ಎಪಿಪಿ ಗೈರು' ಅಂತ ಆರ್ಡರ್ ಶೀಟಲ್ಲಿ ಬರೆದಿದ್ದರೆ ಅವನು ಪಕ್ಕದ ಹಾಲಲ್ಲೇ ಇರಬಹುದು. ಗುಳೆ ಹೋದ ಸಾಕ್ಷಿ ಅನ್ನೋದಂತೂ ನಮ್ಮ ಜಿಲ್ಲೆಗಳ ಶಾಪ. ತೊಗರಿ ರಾಶಿ ಮುಗಿದರೆ ಅರ್ಧ ಊರು ಬೆಂಗಳೂರು, ಪುಣೆ, ಮುಂಬೈ. ಆ ದಿನಗಳಲ್ಲಿ ಸಮನ್ಸ್ ಕಳಿಸಿದರೆ ಬೀಗ ಹಾಕಿದ ಮನೆಗೆ ಕಳಿಸಿದ ಹಾಗೆ. ನಾನು ಯುಗಾದಿ, ಮೊಹರಂ ಹತ್ತಿರ ಬರೋ ಹಾಗೆ ತಾರೀಖು ಕೇಳ್ತಿದ್ದೆ, ಆವಾಗ ಎಲ್ಲರೂ ಊರಿಗೆ ಬಂದಿರ್ತಾರೆ, ಕೆಲವು ನ್ಯಾಯಾಧೀಶರು ಕೊಡ್ತಿದ್ದರು ಕೂಡ. ಇದನ್ನ ಯಾರೂ ಕಲಿಸಲ್ಲ. ಹೊರಗಿಂದ ಬಂದ ಹೊಸ ಹುಡುಗರಿಗೆ ಗೊತ್ತೂ ಇರಲ್ಲ.

ಇನ್ನೊಂದು ಮಾತು, ಇದು ಕಹಿ. ಅಭಿಯೋಜಕ ಫಿರ್ಯಾದಿಯ ವಕೀಲ ಅಲ್ಲ, ಪೊಲೀಸರ ವಕೀಲನೂ ಅಲ್ಲ. 1973ರ ಸಿಆರ್‌ಪಿಸಿ ಅಭಿಯೋಜಕರನ್ನು ಪೊಲೀಸರಿಂದ ಬೇರೆ ಮಾಡಿತು. ಆದರೂ ಕೆಲವು ಕಡೆ ಎಸ್‌ಪಿ ಕೈಕೆಳಗೇ ಇದ್ದರು, 1995ರಲ್ಲಿ ಸುಪ್ರೀಂ ಕೋರ್ಟು ಶಹಾಣೆ ಕೇಸಲ್ಲಿ ಬೇರೆ ಇಲಾಖೆ ಮಾಡಿ ಅನ್ನಬೇಕಾಯಿತು. ಯಾಕೆ ಬೇರೆ ಮಾಡಿದರು? ಕೇಸ್ ದುರ್ಬಲ ಇದ್ದರೆ ದುರ್ಬಲ ಅಂತ ಹೇಳೋಕೆ. ನೀವೆಲ್ಲ ಉಸ್ತುವಾರಿ ಬೇಕು ಅಂತೀರಿ, ಬೇಕು, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಉಸ್ತುವಾರಿ ಅಂದರೆ ಏನು ಮಾಡ್ತಾರೆ ಗೊತ್ತಾ? ಶಿಕ್ಷೆ ಪ್ರಮಾಣ ಎಷ್ಟು ಅಂತ ಲೆಕ್ಕ ಕೇಳ್ತಾರೆ. ಆ ಲೆಕ್ಕ ಹಿಡಿದು ಬಡ್ತಿ ಕೊಡೋಕೆ ಶುರು ಮಾಡಿದರೆ ನಿರಪರಾಧಿಯನ್ನೂ ಒಳಗೆ ಹಾಕಿಸೋಕೆ ನೋಡೋ ಅಭಿಯೋಜಕರು ಹುಟ್ಟಿಕೊಳ್ತಾರೆ.

ಒತ್ತಡ ಮೇಲಿಂದ ಬಂದಾಗ ಅಭಿಯೋಜಕನನ್ನ ಕಾಯೋರು ಯಾರು? 2015ರಲ್ಲಿ ಮಾಲೆಗಾಂವ್ ಸ್ಫೋಟ ಪ್ರಕರಣದ ವಿಶೇಷ ಅಭಿಯೋಜಕಿ ರೋಹಿಣಿ ಸಾಲಿಯಾನ್, ಮೆತ್ತಗೆ ಹೋಗಿ ಅಂತ ತನಿಖಾ ಸಂಸ್ಥೆಯ ಅಧಿಕಾರಿಯೊಬ್ಬರು ಹೇಳಿದರು ಅಂತ ಬಹಿರಂಗವಾಗಿ ಆರೋಪಿಸಿದರು. ಸಂಸ್ಥೆ ಅದನ್ನ ಅಲ್ಲಗಳೆಯಿತು. ಅಷ್ಟು ದೊಡ್ಡವರ ಕಥೆಯೇ ಹಾಗಾದರೆ ತಾಲೂಕು ಎಪಿಪಿ ಎಲ್ಲಿ ಬಾಯಿ ಬಿಡ್ತಾನೆ?

ಅಣ್ಣಾ, ನಿಮ್ಮ ಕೇಸಲ್ಲಿ ಆ ಪಾಟಿ ಸವಾಲು ಮಾತ್ರ ನನಗೂ ಸರಿ ಕಾಣಲಿಲ್ಲ. ಸಾಕ್ಷಿ ಉಲ್ಟಾ ಹೊಡೆದರೆ ಹಿಂದಿನ ಹೇಳಿಕೆಯ ಒಂದೊಂದು ಭಾಗವನ್ನೂ ಓದಿ ತೋರಿಸಿ, ಹೀಗೆ ಹೇಳಿದ್ದೆಯಾ ಅಂತ ಕೇಳಿ ಗುರುತು ಮಾಡಿಸಬೇಕು, ಆಮೇಲೆ ತನಿಖಾಧಿಕಾರಿ ಬಾಯಲ್ಲಿ ಅದನ್ನ ಸಾಬೀತು ಮಾಡಿಸಬೇಕು. ಅದು ಅರ್ಧ ಗಂಟೆಯ ಕೆಲಸ. ಎಷ್ಟೇ ಒತ್ತಡ ಇದ್ದರೂ ಅದನ್ನ ಬಿಡಬಾರದು.

ಬಿದರಿ_ಬಂಧು:

ನಾನು ಬೀದರಿನವನು, ದಲಿತ ಸಂಘಟನೆಯಲ್ಲಿ ಇದ್ದೇನೆ. ಅಟ್ರಾಸಿಟಿ (ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ) ಕೇಸುಗಳ ಬೆನ್ನು ಹತ್ತಿ ಕೋರ್ಟಿಗೆ ಹೋಗಿ ಬರ್ತೀನಿ. ಸರ್ಕಾರಿ ವಕೀಲರ ಮೇಲೆ ಯಾರೂ ಇಲ್ಲ ಅನ್ನೋ ಪ್ರಶ್ನೆಗೆ ಒಂದೇ ಒಂದು ಕಡೆ ಕಾನೂನಲ್ಲಿ ಕಣ್ಣಿಗೆ ಕಾಣೋ ಉತ್ತರ ಇದೆ, ಅದನ್ನ ಜನ ಬಳಸೋದೇ ಇಲ್ಲ.

ಅಟ್ರಾಸಿಟಿ ಕಾಯ್ದೆಯ 1995ರ ನಿಯಮಗಳಲ್ಲಿ 4ನೇ ನಿಯಮ ತೆಗೆದು ನೋಡಿ. ವಿಶೇಷ ಸರ್ಕಾರಿ ಅಭಿಯೋಜಕರು ಹೇಗೆ ಕೆಲಸ ಮಾಡ್ತಿದ್ದಾರೆ ಅಂತ ಡಿಸಿ ಮತ್ತು ಅಭಿಯೋಜನೆಯ ಹೊಣೆ ಹೊತ್ತ ಅಧಿಕಾರಿ ವರ್ಷಕ್ಕೆ ಎರಡು ಸಲವಾದರೂ, ಜನವರಿ ಮತ್ತು ಜುಲೈಯಲ್ಲಿ, ಪರಿಶೀಲಿಸಿ ಸರ್ಕಾರಕ್ಕೆ ವರದಿ ಕೊಡಬೇಕು. ಸರಿಯಾಗಿ ನಡೆಸಿಲ್ಲ ಅಂತ ಕಂಡರೆ ಅವರ ಹೆಸರನ್ನ ಪಟ್ಟಿಯಿಂದ ತೆಗೆಯಬಹುದು. ಕೇಸುಗಳ ಸ್ಥಿತಿ ಏನು ಅಂತ ಪ್ರತಿ ತಿಂಗಳು ವರದಿ ಹೋಗಬೇಕು, ಮುಂದಿನ ತಿಂಗಳ 20ನೇ ತಾರೀಖಿನ ಒಳಗೆ. ಇನ್ನೂ ಒಂದಿದೆ: ಸಂತ್ರಸ್ತರು ಬಯಸಿದರೆ ಡಿಸಿಯವರು ಬೇರೆ ಹಿರಿಯ ವಕೀಲರನ್ನ ಫೀಸು ಕೊಟ್ಟು ನೇಮಿಸಬಹುದು. 17ನೇ ನಿಯಮದಡಿ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೆ ಒಂದು ಸಲ ಸೇರಲೇಬೇಕು, ಡಿಸಿನೇ ಅಧ್ಯಕ್ಷರು. ಅಲ್ಲಿ ಎದ್ದು ನಿಂತು ಇಂಥ ನಂಬರಿನ ಕೇಸಲ್ಲಿ ಇಂಥ ಸಾಕ್ಷಿ ಯಾಕೆ ಕೈಬಿಟ್ಟಿರಿ ಅಂತ ಕೇಳಬಹುದು. ಕೇಸ್ ನಂಬರ್ ಹೇಳಿ ಕೇಳಿದರೆ ಸಭೆಯ ಗಾಳಿಯೇ ಬದಲಾಗುತ್ತೆ ನೋಡಿ, ಸುಮ್ನೆ 'ದಲಿತರಿಗೆ ಅನ್ಯಾಯ ಆಗ್ತಿದೆ' ಅಂದರೆ ನಡಾವಳಿಯಲ್ಲಿ 'ಚರ್ಚಿಸಲಾಯಿತು' ಅಂತ ಬರೆದು ಚಹಾ ಕುಡಿದು ಎದ್ದು ಹೋಗ್ತಾರೆ.

2015ರ ತಿದ್ದುಪಡಿಯಲ್ಲಿ 15ಎ ಬಂತು. ಜಾಮೀನು ಅರ್ಜಿ ಸೇರಿ ಎಲ್ಲ ಕಲಾಪದ ಬಗ್ಗೆ ಸಂತ್ರಸ್ತರಿಗೆ ಸಮಯಕ್ಕೆ ಸರಿಯಾಗಿ ತಿಳಿಸಬೇಕು, ಅವರ ಮಾತು ಕೇಳಬೇಕು. ತಿಳಿಸದೆ ಜಾಮೀನು ಆಗಿದ್ದರೆ ಅದನ್ನೇ ಹಿಡಿದು ಮೇಲಕ್ಕೆ ಹೋಗಬಹುದು, ನಮಗೆ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಅಭಿಯೋಜನೆ ಗಟ್ಟಿ ಇದ್ದರೆ ಏನಾಗುತ್ತೆ, ಸಡಿಲ ಇದ್ದರೆ ಏನಾಗುತ್ತೆ ಅಂತ ನಮ್ಮ ರಾಜ್ಯದಲ್ಲೇ ನೋಡಿದ್ದೇವೆ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರು, ಸಾಕ್ಷಿಗಳೆಲ್ಲ ತಿರುಗಿಬಿದ್ದು 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆ. ಅದೇ ಮರಕುಂಬಿಯಲ್ಲಿ, ಕೊಪ್ಪಳ ಜಿಲ್ಲೆಯದು, 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ 2024ರ ಅಕ್ಟೋಬರಲ್ಲಿ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿತು. ಹತ್ತು ವರ್ಷ ಎಳೆದರೂ ಸಾಕ್ಷಿಗಳು ನಿಂತರು. ಅದು ಮೇಲಿನ ಕೋರ್ಟಲ್ಲಿ ಏನಾಗುತ್ತೋ ಅದು ಬೇರೆ ವಿಚಾರ.

ನನ್ನ ಪ್ರಶ್ನೆ ಇಷ್ಟೇ, ಅಟ್ರಾಸಿಟಿ ಕೇಸಿಗೆ ಮಾತ್ರ ಯಾಕೆ ಈ ವರ್ಷಕ್ಕೆರಡು ಪರಿಶೀಲನೆ? ತೊಗರಿಹೊಲ ಅಣ್ಣನ 326 ಕೇಸಿಗೂ, ವರದಕ್ಷಿಣೆ ಕೇಸಿಗೂ ಯಾಕಿಲ್ಲ?

ಕರಿಕೋಟು_ಕಲಬುರಗಿ:

ಬಿದರಿ ಬಂಧು, ಇದೆ. ಕಾಗದದಲ್ಲಿ. 2014ರ ಜನವರಿಯಲ್ಲಿ ಗುಜರಾತ್ ವಿರುದ್ಧ ಕಿಶನ್‌ಭಾಯಿ ಕೇಸು, ಆರು ವರ್ಷದ ಮಗುವಿನ ಅತ್ಯಾಚಾರ ಮತ್ತು ಕೊಲೆ. ಕೆಳಗಿನ ಕೋರ್ಟು ಗಲ್ಲು ಕೊಟ್ಟಿತ್ತು, ಹೈಕೋರ್ಟು ಬಿಟ್ಟಿತು, ತನಿಖೆಯಲ್ಲಿ ಅಭಿಯೋಜನೆಯಲ್ಲಿ ಇದ್ದ ತೂತು ನೋಡಿ ಸುಪ್ರೀಂ ಕೋರ್ಟೂ ಖುಲಾಸೆಯನ್ನೇ ಎತ್ತಿಹಿಡಿಯಬೇಕಾಯಿತು. ಅದೇ ತೀರ್ಪಲ್ಲಿ ಪ್ರತಿ ರಾಜ್ಯವೂ ಪೊಲೀಸ್ ಮತ್ತು ಅಭಿಯೋಜನೆ ಇಲಾಖೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ಮಾಡಬೇಕು, ಪ್ರತಿ ಖುಲಾಸೆಯನ್ನೂ ಪರಿಶೀಲಿಸಬೇಕು, ತಪ್ಪು ಮಾಡಿದವರು ಯಾರು ಅಂತ ಗುರುತಿಸಿ ಇಲಾಖಾ ಕ್ರಮ ಕೈಗೊಳ್ಳಬೇಕು ಅಂತ ಹೇಳಿತು. ಆರು ತಿಂಗಳಲ್ಲಿ ಜಾರಿ ಮಾಡಿ ಅಂದಿತ್ತು.

ನಮ್ಮ ಮೂರೂ ಜಿಲ್ಲೆಯವರು ಒಂದೊಂದು ಆರ್‌ಟಿಐ ಹಾಕೋಣ್ವಾ? ಕಳೆದ ಮೂರು ವರ್ಷದಲ್ಲಿ ಆ ಸಮಿತಿಯ ಸಭೆಗಳ ನಡಾವಳಿ, ಎಷ್ಟು ಖುಲಾಸೆ ಪರಿಶೀಲಿಸಿದ್ದಾರೆ, ಎಷ್ಟರಲ್ಲಿ ಅಭಿಯೋಜಕರ ಲೋಪ ಅಂತ ಬರೆದಿದ್ದಾರೆ, ಏನು ಕ್ರಮ ಆಯಿತು. 30 ದಿನದಲ್ಲಿ ಉತ್ತರ ಕೊಡಬೇಕು. 'ಕಡತ ಲಭ್ಯವಿಲ್ಲ' ಅಂತ ಬಂದರೆ ಅದೂ ಉತ್ತರವೇ.

ಬಿಎನ್‌ಎಸ್‌ಎಸ್ 20ರಲ್ಲಿ ಈಗ ಜಿಲ್ಲಾ ಮಟ್ಟದ ಅಭಿಯೋಜನಾ ನಿರ್ದೇಶನಾಲಯದ ಮಾತಿದೆ. ಹತ್ತು ವರ್ಷ ಮೇಲ್ಪಟ್ಟ ಶಿಕ್ಷೆಯ ಕೇಸುಗಳನ್ನ ನಿರ್ದೇಶಕರು, ಏಳರಿಂದ ಹತ್ತರೊಳಗಿನವನ್ನ ಉಪನಿರ್ದೇಶಕರು, ಏಳಕ್ಕಿಂತ ಕಡಿಮೆಯವನ್ನ ಸಹಾಯಕ ನಿರ್ದೇಶಕರು ನೋಡಿಕೊಳ್ಳಬೇಕು. ಒಳ್ಳೆಯದೇ. ಆದರೆ ಇದೆಲ್ಲ ಗೃಹ ಇಲಾಖೆಯ ಕೈಕೆಳಗೆ. ಪೊಲೀಸರೂ ಅದೇ ಗೃಹ ಇಲಾಖೆ. 1995ರಲ್ಲಿ ಬೇರೆ ಮಾಡಿ ಅಂದದ್ದು ಮೇಲೆ ಹೋಗಿ ಮತ್ತೆ ಒಂದೇ ಬಾಗಿಲಿಗೆ ಬಂತು, ಅಲ್ವಾ?

ಭೀಮಾದಂಡೆ:

ಎಲ್ಲರೂ ಆರೋಪಿ ತಪ್ಪಿಸಿಕೊಂಡ ಅನ್ನೋ ಕಡೆಯಿಂದಲೇ ಮಾತಾಡ್ತಿದ್ದೀರಿ. ನಾನು ಆರೋಪಿಯ ತಮ್ಮ. ಇದನ್ನೂ ಓದಿ.

ನಮ್ಮ ಅಣ್ಣನ ಮೇಲೆ ದರೋಡೆ ಕೇಸ್ ಹಾಕಿದ್ದರು. ಘಟನೆ ಆದ ಹೊತ್ತಲ್ಲಿ ಅವನು ಬೇರೆ ಊರಿನ ಬಸ್ ನಿಲ್ದಾಣದಲ್ಲಿದ್ದ, ಅಲ್ಲಿನ ಕ್ಯಾಮೆರಾ ದೃಶ್ಯವನ್ನ ಪೊಲೀಸರೇ ತಗೊಂಡು ಹೋಗಿದ್ದರು. ಚಾರ್ಜ್‌ಶೀಟಲ್ಲಿ ಅದರ ಸುದ್ದಿಯೇ ಇಲ್ಲ. ಜಾಮೀನು ಅರ್ಜಿ ಹಾಕಿದಾಗಲೆಲ್ಲ ಸರ್ಕಾರಿ ವಕೀಲರ ಆಕ್ಷೇಪಣೆ ಒಂದೇ ಅಚ್ಚು: ಸಾಕ್ಷಿಗಳಿಗೆ ಬೆದರಿಕೆ ಹಾಕಬಹುದು, ತಲೆಮರೆಸಿಕೊಳ್ಳಬಹುದು. ಒಂದು ಸಲವಂತೂ ಬೇರೆ ಯಾವುದೋ ಆರೋಪಿಯ ಹೆಸರು ಹಾಗೇ ಉಳಿದಿತ್ತು, ನಕಲು ಮಾಡಿ ಅಂಟಿಸಿದ್ದು. ನಮ್ಮ ವಕೀಲರು ಸಿಆರ್‌ಪಿಸಿ 91ರಲ್ಲಿ ಅರ್ಜಿ ಹಾಕಿ ಆ ದೃಶ್ಯ ತರಿಸಿದ ಮೇಲೆ ಕೇಸ್ ಬಿತ್ತು. ಅಲ್ಲಿಯವರೆಗೆ ಅಣ್ಣ ಒಳಗೇ. ಅವನ ಮಗಳು ನಡೆಯೋಕೆ ಕಲಿತದ್ದು ಅವನಿಗೆ ಗೊತ್ತಿಲ್ಲ. ಆ ದೃಶ್ಯ ಕಡತದಲ್ಲಿ ಇತ್ತಾ ಇಲ್ಲವಾ, ಸರ್ಕಾರಿ ವಕೀಲರು ನೋಡಿದ್ದರಾ ಇಲ್ಲವಾ ಅಂತ ಯಾರೂ ಒಂದು ಮಾತು ಕೇಳಲಿಲ್ಲ.

ಅಭಿಯೋಜಕರ ದುರ್ನಡತೆ ಅಂದರೆ ನನ್ನ ಪ್ರಕಾರ ಇದು ಮೊದಲು. ಸಾಕ್ಷಿ ಕೈಬಿಟ್ಟರೆ ಒಬ್ಬ ತಪ್ಪಿಸಿಕೊಳ್ತಾನೆ, ಸಾಕ್ಷ್ಯ ಮುಚ್ಚಿಟ್ಟರೆ ತಪ್ಪು ಮಾಡದವನು ಒಳಗೆ ಕೊಳೀತಾನೆ.

ಅಮೆರಿಕದಲ್ಲಿ 1963ರಲ್ಲೇ ಬ್ರೇಡಿ ಅನ್ನೋ ಕೇಸಲ್ಲಿ, ಆರೋಪಿಗೆ ಅನುಕೂಲ ಆಗೋ ಸಾಕ್ಷ್ಯವನ್ನ ಅಭಿಯೋಜಕ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಟೆಕ್ಸಾಸಲ್ಲಿ ಮೈಕಲ್ ಮಾರ್ಟನ್ ಅನ್ನೋನು ಹೆಂಡತಿ ಕೊಲೆ ಕೇಸಲ್ಲಿ ಸುಮಾರು 25 ವರ್ಷ ಜೈಲಲ್ಲಿದ್ದ, ಡಿಎನ್‌ಎ ಪರೀಕ್ಷೆಯಿಂದ ಹೊರಗೆ ಬಂದ. ಸಾಕ್ಷ್ಯ ಮುಚ್ಚಿಟ್ಟ ಅಭಿಯೋಜಕ ಅಷ್ಟೊತ್ತಿಗೆ ಜಡ್ಜ್ ಆಗಿದ್ದ. 2013ರಲ್ಲಿ ಅವನಿಗೆ ಹತ್ತು ದಿನದ ಶಿಕ್ಷೆ ಆಯಿತು, ವಕೀಲಿಕೆ ಲೈಸೆನ್ಸೂ ಹೋಯಿತು. ಹತ್ತೇ ದಿನ ಅಂತ ನಗಬೇಡಿ, ನಮ್ಮಲ್ಲಿ ಅಷ್ಟಾದರೂ ಆದದ್ದು ಇದ್ದರೆ ಹೇಳಿ. ನ್ಯೂಯಾರ್ಕ್ ರಾಜ್ಯದವರು ಅಭಿಯೋಜಕರ ನಡತೆ ನೋಡೋಕೇ ಒಂದು ಆಯೋಗ ಬೇಕು ಅಂತ 2018ರಲ್ಲಿ ಕಾನೂನು ಮಾಡಿದರು. ಅಭಿಯೋಜಕರ ಸಂಘದವರೇ ಕೋರ್ಟಿಗೆ ಹೋದರು, ತಿದ್ದಿ 2021ರಲ್ಲಿ ಮತ್ತೆ ತರಬೇಕಾಯಿತು. ಅಲ್ಲೂ ಯಾರಿಗೂ ತಮ್ಮ ಮೇಲೆ ಕಣ್ಣಿಡೋದು ಇಷ್ಟ ಇಲ್ಲ.

ಮಾಜಿ_ಅಭಿಯೋಜಕ:

ಭೀಮಾದಂಡೆ ಅವರ ಮಾತಿಗೆ ನನ್ನ ತಕರಾರಿಲ್ಲ. ನಮ್ಮಲ್ಲೂ ಆ ಕರ್ತವ್ಯ ಇಲ್ಲ ಅಂತಲ್ಲ. 2021ರಲ್ಲಿ ಕ್ರಿಮಿನಲ್ ವಿಚಾರಣೆಯ ಲೋಪಗಳ ಬಗ್ಗೆ ಸುಪ್ರೀಂ ಕೋರ್ಟು ತಾನಾಗಿ ಕೈಗೆತ್ತಿಕೊಂಡ ಕೇಸಲ್ಲಿ, ಪೊಲೀಸರು ತಗೊಂಡು ಕೋರ್ಟಲ್ಲಿ ಬಳಸದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕು ಅಂದಿದೆ. ಪಟ್ಟಿ ನೋಡಿ ಬೇಕಾದ್ದನ್ನ ತರಿಸಿ ಅಂತ ಅವನು ಕೇಳಬಹುದು. ಈಗ ಕೇಸ್ ನಡೀತಿರೋ ಯಾರೇ ಆಗಲಿ ನಿಮ್ಮ ವಕೀಲರಿಗೆ ಹೇಳಿ ಆ ಪಟ್ಟಿ ಕೇಳಿಸಿ. ಹೆಚ್ಚಿನವರು ಕೇಳೋದೇ ಇಲ್ಲ.

ಚಿಂಚೋಳಿ_ಹುಡುಗ:

ತಾಲೂಕು ಎಪಿಪಿ ಬಿಡಿ, ಸರ್ಕಾರವೇ ಕೇಸ್ ವಾಪಸ್ ತಗೊಳ್ಳುತ್ತಲ್ಲ, ಅದು? 2020ರ ಆಗಸ್ಟಲ್ಲಿ ಒಂದು ಸರ್ಕಾರ 61 ಕೇಸ್ ವಾಪಸ್ ಅಂತ ಆದೇಶ ಮಾಡಿತು, ಹೈಕೋರ್ಟು ತಡೆಯಿತು. 2024ರ ಅಕ್ಟೋಬರಲ್ಲಿ ಇನ್ನೊಂದು ಸರ್ಕಾರ 43 ಕೇಸ್ ವಾಪಸ್ ಅಂತ ಆದೇಶ ಮಾಡಿತು, 2025ರ ಮೇನಲ್ಲಿ ಅದನ್ನೂ ಹೈಕೋರ್ಟು ರದ್ದು ಮಾಡಿತು. ಪಕ್ಷ ಬೇರೆ ಬೇರೆ, ಬುದ್ಧಿ ಒಂದೇ. ಕಾನೂನಲ್ಲಿ ಅಭಿಯೋಜಕರು ಸ್ವಂತ ಬುದ್ಧಿಯಿಂದ ತೀರ್ಮಾನಿಸಿ ಅರ್ಜಿ ಹಾಕಬೇಕು ಅಂತೆ. ಸಂಪುಟ ತೀರ್ಮಾನ ಆದಮೇಲೆ ಸ್ವಂತ ಬುದ್ಧಿ ಎಲ್ಲಿಂದ ಬರುತ್ತೆ?

ಕರಿಕೋಟು_ಕಲಬುರಗಿ:

ಚಿಂಚೋಳಿ, ಅದಕ್ಕೊಂದು ಸಣ್ಣ ಸಮಾಧಾನ. ಹೊಸ ಬಿಎನ್‌ಎಸ್‌ಎಸ್‌ನ 360ರಲ್ಲಿ ಸಂತ್ರಸ್ತರ ಮಾತು ಕೇಳದೆ ಕೇಸ್ ವಾಪಸಿಗೆ ಕೋರ್ಟು ಅನುಮತಿ ಕೊಡುವಂತಿಲ್ಲ. ಎಂಎಲ್‌ಎ, ಎಂಪಿಗಳ ಕೇಸಾದರೆ ಹೈಕೋರ್ಟಿನ ಅನುಮತಿ ಬೇಕು, ಇದು 2021ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು.

ತೊಗರಿಹೊಲ:

ಎಲ್ಲರಿಗೂ ಧನ್ಯವಾದ. ಆರ್ಡರ್ ಶೀಟಿಗೆ ಅರ್ಜಿ ಹಾಕಿ ಬಂದೆ. ಡಾಕ್ಟರ್ ವಿಷಯ 294 ಅಂತ ಹೇಳಿದ್ದು ನೋಡಿ ನನಗೇ ಸ್ವಲ್ಪ ಗೊಂದಲ ಆಗಿದೆ, ನಕಲು ಬಂದಮೇಲೆ ನೋಡ್ತೀನಿ. ಪುಣೆಯವನ ಜೊತೆ ಫೋನಲ್ಲಿ ಮಾತಾಡಿದೆ, ಬರ್ತೀನಿ ಅಂದ, ಆದರೆ ಎದುರು ಪಾರ್ಟಿಯವರು ಅವನ ಅಪ್ಪನಿಗೆ ಊರಲ್ಲಿ ಬೆದರಿಕೆ ಮಾತು ಆಡಿದ್ದಾರಂತೆ. ಅದಕ್ಕೇನು ಮಾಡೋದು?

ಇನ್ನೊಂದು. ಯಾರೋ ಒಬ್ಬರು 'ಸಾಹೇಬರಿಗೆ ಏನಾದರೂ ಕೊಟ್ಟರೆ ಸಾಕ್ಷಿ ಮತ್ತೆ ಕರೆಸ್ತಾರೆ' ಅಂತ ನಮ್ಮ ಕಾಕಾಗೆ ಹೇಳಿದ್ದಾರೆ. ಅವನು ಆಕಳು ಮಾರೋಕೆ ತಯಾರಾಗಿದ್ದಾನೆ.

ಕರಿಕೋಟು_ಕಲಬುರಗಿ:

ಕಾಕಾಗೆ ಆಕಳು ಮಾರಬೇಡ ಅನ್ನಿ, ಇವತ್ತೇ ಹೇಳಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದ ಒಳಗೆ ದೂರು ಕೊಟ್ಟರೆ ಮಾತ್ರ ಪಾರು. ನಿಜವಾಗಿ ಕೇಳಿದ್ದಾರೆ ಅಂದರೆ ಕೊಡೋದಕ್ಕೆ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. 2022ರಲ್ಲಿ ಹೈಕೋರ್ಟು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಆ ಕೆಲಸ ಮತ್ತೆ ಅವರದೇ. ಆದರೆ ನಡುವೆ ಇರೋ ಆ 'ಯಾರೋ ಒಬ್ಬರು' ಸಾಹೇಬರ ಹೆಸರು ಹೇಳಿ ತಾವೇ ತಿನ್ನೋರೂ ಇರ್ತಾರೆ, ಕೋರ್ಟಿನ ಗೇಟಲ್ಲಿ ಇಂಥವರು ಬೇಕಾದಷ್ಟು. ಎಪಿಪಿಗೆ ಗೊತ್ತೇ ಇರಲ್ಲ.

ಬೆದರಿಕೆಗೆ 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ, ಸುಪ್ರೀಂ ಕೋರ್ಟು ಒಪ್ಪಿ ದೇಶಕ್ಕೆಲ್ಲ ಅನ್ವಯ ಮಾಡಿದ್ದು. ಜಿಲ್ಲೆಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಎಸ್‌ಪಿ ಸದಸ್ಯರು. ಅರ್ಜಿ ಕೊಡಬೇಕಾದ್ದು ಸದಸ್ಯ ಕಾರ್ಯದರ್ಶಿಗೆ. ಅವರು ಯಾರು ಗೊತ್ತಾ? ಜಿಲ್ಲೆಯ ಅಭಿಯೋಜನೆ ಮುಖ್ಯಸ್ಥರು! ನಗಬೇಡಿ, ಅರ್ಜಿ ಕೊಡಿ. ಯಾವ ದಿನ, ಯಾರು, ಯಾರ ಮುಂದೆ, ಏನಂದರು ಅಂತ ಪುಣೆಯವನ ಅಪ್ಪನ ಬಾಯಿಂದಲೇ ಬರೆಸಿ ಹೆಬ್ಬೆಟ್ಟೋ ಸಹಿಯೋ ಹಾಕಿಸಿ. ಅದರ ನಕಲನ್ನು 311ರ ಮನವಿ ಜೊತೆಗೂ ಇಡಿ, ಸಾಕ್ಷಿ ಇಷ್ಟು ದಿನ ಯಾಕೆ ಬರಲಿಲ್ಲ ಅನ್ನೋದಕ್ಕೆ ಅದೂ ಒಂದು ಕಾರಣ ಆಗುತ್ತದೆ.

ಬಿದರಿ_ಬಂಧು:

ಆರ್‌ಟಿಐ ಬೀದರಿಂದ ನಾನು ಹಾಕ್ತೀನಿ. ಕಲಬುರಗಿಗೆ ಕರಿಕೋಟು ಅವರು. ಯಾದಗಿರಿಗೆ ಯಾರು? ತೊಗರಿಹೊಲ ಅಣ್ಣಾ, ನಿಮ್ಮ ಕೇಸ್ ನಡೀತಿರೋವಾಗ ನೀವು ಹಾಕಬೇಡಿ, ಸುಮ್ನೆ ಕಣ್ಣಿಗೆ ಬೀಳ್ತೀರಿ. ಭೀಮಾದಂಡೆ ಅವರೇ, ನಿಮ್ಮದು ಯಾದಗಿರಿನೇ ಅಲ್ವಾ?

ಭೀಮಾದಂಡೆ:

ಹೌದು. ನಾನು ಹಾಕ್ತೀನಿ. ಅದರಲ್ಲಿ ಒಂದು ಸಾಲು ಜಾಸ್ತಿ ಸೇರಿಸ್ತೀನಿ: ಕಡತದಲ್ಲಿದ್ದ ಸಾಕ್ಷ್ಯವನ್ನ ಆರೋಪಿಗೆ ಕೊಟ್ಟಿಲ್ಲ ಅಂತ ಬಂದ ದೂರುಗಳು ಎಷ್ಟು, ಅದರಲ್ಲಿ ವಿಚಾರಣೆ ಆದದ್ದು ಎಷ್ಟು. ಅರ್ಜಿಯ ಮಾದರಿ ಕರಿಕೋಟು ಅವರು ಇಲ್ಲಿ ಹಾಕಿದರೆ ಮೂರೂ ಜಿಲ್ಲೆಗೂ ಒಂದೇ ರೀತಿ ಹೋಗುತ್ತೆ.